ಒಸಡು ಮಾಯುವವರೆಗೆ

ಬೆಳಿಗ್ಗೆ ಎದ್ದಾಗಿನಿಂದ ಅವನ ನಾಲಿಗೆ ಆ ಸಂದಿಯಲ್ಲೇ ಇತ್ತು. ಮೇಲಿನ ಸಾಲಿನ ನಟ್ಟನಡುವೆ, ಮುಂದಿನ ಎರಡು ಹಲ್ಲುಗಳಲ್ಲಿ ಎಡಗಡೆಯದು ಇದ್ದ ಜಾಗ. ಮುಖ ತೊಳೆಯುವಾಗ, ಅಂಗಿಯ ಗುಂಡಿ ಹಾಕಿಕೊಳ್ಳುವಾಗ, ಬಸ್ಸಿನ ಕಿಟಕಿಯಿಂದ ಹೊರಗೆ ನೋಡುವಾಗಲೂ ನಾಲಿಗೆ ತಾನಾಗಿ ಅಲ್ಲಿಗೆ ಹೋಗಿ, ಒಸಡನ್ನು ಒಮ್ಮೆ ಸವರಿ, ಅಲ್ಲೇ ಮಗ್ಗುಲು ಹಾಕಿ ಮಲಗುತ್ತಿತ್ತು. ಸಂಜೆಯ ಹೊತ್ತಿಗೆ ಆ ಜಾಗ ಇರುವುದಿಲ್ಲ. ಸಂತೋಷಪಡಬೇಕಾದ ವಿಷಯ ಎಂದು ಹೆಂಡತಿ ಹೇಳಿದ್ದಳು, ಹೆಂಡತಿಯ ಅಣ್ಣ ಹೇಳಿದ್ದ, ಹಲ್ಲಿನ ಡಾಕ್ಟರಂತೂ ಹೇಳಿಯೇ ಹೇಳಿದ್ದಳು. ಅವನು ಹೂಂಗುಟ್ಟಿದ್ದ. ಮನೆಯಿಂದ ಹೊರಡುವಾಗ ಕಿಟಕಿಯ ಪಕ್ಕದ ಮಂಚದಿಂದ ಅಮ್ಮ ಕೂಗಿದ್ದಳು. "ಬೊಚ್ಚ, ಸ್ಕೂಲು ಬಿಟ್ಟ ತಕ್ಷಣ ಮನೆಗೆ ಬಾ. ದಾರೀಲಿ ಅಲ್ಲಿ ಇಲ್ಲಿ ನಿಂತ್ಕೋಬೇಡ." ಐವತ್ತು ದಾಟಿದ ಬೊಚ್ಚ, ಜೇಬಿನಲ್ಲಿ ಕನ್ನಡಕ, ಕುತ್ತಿಗೆಯಲ್ಲಿ ಅಭ್ಯಾಸಕ್ಕೆ ಹಾಕಿಕೊಂಡ ಅಳತೆ ಟೇಪು, ಚಪ್ಪಲಿ ಹುಡುಕುತ್ತಾ "ಆಯ್ತಮ್ಮ" ಎಂದಿದ್ದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗಿನಿಂದ ನಗು ಮುಚ್ಚಿಕೊಂಡಿದ್ದಳು. ಅವಳಿಗೆ ಅದೊಂದು ತಮಾಷೆ. ಅಮ್ಮನಿಗೆ ಕಾಲದ ಲೆಕ್ಕ ತಪ್ಪಿ ವರ್ಷಗಳಾಗಿದ್ದವು. ಸೊಸೆಯನ್ನು ಒಂದು ದಿನ ನರ್ಸಮ್ಮ ಎನ್ನುತ್ತಿದ್ದಳು, ಇನ್ನೊಂದು ದಿನ ಅಕ್ಕ ಎನ್ನುತ್ತಿದ್ದಳು. ಮಗನನ್ನು ಮಾತ್ರ ಯಾವ ಹೆಸರಿನಿಂದಲೂ ಕರೆಯುತ್ತಿರಲಿಲ್ಲ. ಗೋಡೆ ನೋಡಿದ ಹಾಗೆ ನೋಡುತ್ತಿದ್ದಳು. ಈ ಹಲ್ಲು ಹೋಗುವವರೆಗೆ.

ಹಲ್ಲಿನಂಗಡಿ (ಅವನ ಬಾಯಲ್ಲಿ ಅದು ಕ್ಲಿನಿಕ್ ಆಗಿರಲೇ ಇಲ್ಲ, ಅಂಗಡಿಯಲ್ಲೇ ಆಯುಸ್ಸು ಕಳೆದವನಿಗೆ ಬೋರ್ಡು ಇರುವುದೆಲ್ಲ ಅಂಗಡಿಯೇ) ಇದ್ದದ್ದು ಮೊದಲ ಮಹಡಿಯಲ್ಲಿ. ಕಾಯುವ ಕೋಣೆಯ ಕುರ್ಚಿಗೆ ಹೊದಿಸಿದ ಬಟ್ಟೆಯ ಹೊಲಿಗೆ ಒಂದು ಕಡೆ ಬಿಟ್ಟುಹೋಗಿತ್ತು. ಅವನ ಬೆರಳು ಸುಮ್ಮನಿರದೆ ಆ ದಾರವನ್ನು ಎಳೆಯಿತು, ಬಾಯಿ ಅದನ್ನು ಕಚ್ಚಲು ಬಾಗಿತು, ಕಚ್ಚಲು ಹಲ್ಲಿಲ್ಲವೆಂಬುದು ಆಮೇಲೆ ನೆನಪಾಯಿತು. ಎದುರಿಗೆ ಕೂತಿದ್ದ ಹೆಂಗಸು ಪತ್ರಿಕೆಯನ್ನು ಮುಖಕ್ಕೆ ಇನ್ನಷ್ಟು ಹತ್ತಿರ ತಂದುಕೊಂಡಳು. ಇಂಥ ನಾಚಿಕೆಗಳು ಈಗ ಅವನಿಗೆ ಅಭ್ಯಾಸವಾಗಿದ್ದವು. ಹೆಂಡತಿಯ ಅಣ್ಣನ ಟೈಲರ್ ಅಂಗಡಿಯಲ್ಲಿ ಅವನೇ ಕಟಿಂಗ್ ಮಾಸ್ಟರ್. ಅಳತೆ ತೆಗೆಯುವುದೂ ಅವನೇ. ಕಾಲರಿನ ಅಳತೆ ತೆಗೆಯಬೇಕೆಂದರೆ ಗಿರಾಕಿಯ ಮುಖಕ್ಕೆ ಮುಖ ಕೊಟ್ಟು ನಿಲ್ಲಬೇಕು. ಹಲ್ಲು ಹೋದ ಹೊಸದರಲ್ಲಿ ಒಬ್ಬ ದೊಡ್ಡ ಮನುಷ್ಯನ ಕುತ್ತಿಗೆಗೆ ಟೇಪು ಸುತ್ತಿ "ಸ್ವಲ್ಪ ಸಡಿಲ ಇಡಲಾ ಸಾರ್?" ಎಂದ. ಒಂದೇ ಮಾತಿನಲ್ಲಿ ಮೂರು ಸಲ ಸಿಳ್ಳೆ ಹೊಡೆದಂತಾಗಿ, ಹನಿಯೊಂದು ಹಾರಿ ಆ ಮನುಷ್ಯನ ಕೆನ್ನೆಯ ಮೇಲೆ ಕೂತಿತು. ಆತ ಬೈಯಲಿಲ್ಲ. ಕರವಸ್ತ್ರ ತೆಗೆದು, ಮಡಿಕೆ ಬಿಚ್ಚಿ, ಒರೆಸಿಕೊಂಡು, ಮತ್ತೆ ಅದೇ ಮಡಿಕೆ ಹಾಕಿ ಜೇಬಿಗಿಟ್ಟು, "ಪರವಾಗಿಲ್ಲ" ಎಂದ. ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ. ಮಾರನೆಯ ದಿನ ಅಳತೆಯ ಮೇಜಿನ ಹಿಂದೆ ಬೇರೊಬ್ಬ ನಿಂತಿದ್ದ. "ಬೇಜಾರು ಮಾಡ್ಕೋಬೇಡಿ ಭಾವ," ಹೆಂಡತಿಯ ಅಣ್ಣ ಅವನ ಹೆಗಲ ಮೇಲೆ ಕೈಯಿಟ್ಟು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿದ್ದ. "ಹಲ್ಲು ಕಟ್ಟಿಸ್ಕೊಳ್ಳೋವರೆಗೆ ಅಷ್ಟೇ. ಗಿರಾಕಿಗಳು ಅಳತೆ ಕೊಡೋಕೆ ಬರ್ತಾರೆ, ಮಳೇಲಿ ನೆನೆಯೋಕಲ್ಲ." ಹಿಂದಿನ ಕೋಣೆಯಲ್ಲಿ ಕಿಟಕಿಯಿಲ್ಲ. ಕಾಜ ಹಾಕುವ ಯಂತ್ರ ಮಾತ್ರ ಇದೆ. ಅದರ ಮುಂದೆ ಕೂತು ಗುಂಡಿಯ ಕಣ್ಣುಗಳಿಗೆ ಸುತ್ತು ಹಾಕುತ್ತಾ ಅವನು ಮನಸ್ಸಿನಲ್ಲೇ ನಗುತ್ತಿದ್ದ. ಮಾನ ಹೋಗಿತ್ತು, ನಿಜ. ಆದರೆ ಸಂಜೆ ಮನೆಗೆ ಹೋದರೆ ಬೊಚ್ಚ ಬಂದ್ಯಾ ಎನ್ನುವವರಿದ್ದರು.

ಡಾಕ್ಟರ್ ಒಳಗೆ ಕರೆದಳು. ಅವನ ಮಗಳಿದ್ದಿದ್ದರೆ ಅಷ್ಟೇ ವಯಸ್ಸು. ಕಿಟಕಿಯ ಬೆಳಕಿಗೆ ಅವನ ಗಲ್ಲ ತಿರುಗಿಸಿ, ಕಡ್ಡಿಗಳ ತುದಿಯಲ್ಲಿ ಸಿಕ್ಕಿಸಿದ ಪುಟ್ಟ ಪುಟ್ಟ ಮಾದರಿ ಹಲ್ಲುಗಳನ್ನು ಒಂದೊಂದಾಗಿ ಅವನ ತುಟಿಯ ಬಳಿ ಹಿಡಿದು ಬಣ್ಣ ಹೊಂದಿಸತೊಡಗಿದಳು. ಬಟ್ಟೆಗೆ ದಾರ ಹೊಂದಿಸುವವನಿಗೆ ಆ ಕೆಲಸದ ಗಂಭೀರತೆ ಅರ್ಥವಾಯಿತು.

"ಸ್ವಲ್ಪ ಬೆಳ್ಳಗೆ ಮಾಡ್ಲಾ? ಚೆನ್ನಾಗಿ ಕಾಣುತ್ತೆ."

"ಬೇಡ ಡಾಕ್ಟ್ರೇ. ಅಕ್ಕಪಕ್ಕದವಕ್ಕೆ ಹೊಂದಲಿ. ಒಂದಕ್ಕೆ ಮಾತ್ರ ಹೊಸ ಅಂಗಿ ಹೊಲಿಸಿದ್ರೆ ಉಳಿದವು ಮುಖ ಊದಿಸ್ಕೊಳ್ತಾವೆ."

ಅವಳು ನಕ್ಕಳು. ಮತ್ತೊಮ್ಮೆ ವಿವರಿಸಿದಳು. ಮೂಳೆಗೆ ತಿರುಪು ಹಾಕುವುದೂ ಇಲ್ಲ, ಪಕ್ಕದ ಒಳ್ಳೆಯ ಹಲ್ಲುಗಳನ್ನು ತೇಯ್ದು ಟೋಪಿ ಹಾಕುವುದೂ ಇಲ್ಲ. ಗಾಜಿನ ನಾರಿನಲ್ಲಿ ನೇಯ್ದ ಸಣ್ಣ ಪಟ್ಟಿಯೊಂದನ್ನು ಎರಡೂ ಕಡೆಯ ಹಲ್ಲಿನ ಬೆನ್ನಿಗೆ ಅಂಟಿಸುವುದು, ಸೇತುವೆಯ ಹಾಗೆ. ಅದರ ಮೇಲೆ ಹಲ್ಲಿನ ಬಣ್ಣದ ಕಾಂಪೋಸಿಟ್ ಎಂಬ ಮೆದು ಅಂಟನ್ನು ಪದರ ಪದರವಾಗಿ ಇಟ್ಟು ಹಲ್ಲು ಕಟ್ಟುವುದು. ಒಂದೇ ಸಲಕ್ಕೆ ಮುಗಿಯುತ್ತದೆ.

"ಇದು ಶಾಶ್ವತಾನಾ?"

"ಹುಷಾರಾಗಿ ಇಟ್ಕೊಂಡ್ರೆ ಎಷ್ಟೋ ವರ್ಷ ಬರುತ್ತೆ. ಬಿಟ್ಕೊಂಡ್ರೆ ಮತ್ತೆ ಅಂಟಿಸಬಹುದು."

"ಹಾಗಾದ್ರೆ ಕಚ್ಚಾ ಹೊಲಿಗೆ," ಎಂದ. ಬಿಚ್ಚಬಹುದಾದದ್ದು ಎಂಬ ಯೋಚನೆಯೇ ಅವನಿಗೆ ಸ್ವಲ್ಪ ಸಮಾಧಾನ ಕೊಟ್ಟಿತು. ಯಾಕೆಂದು ಕೇಳುವವರು ಅಲ್ಲಿರಲಿಲ್ಲ.

"ಬಿದ್ದ ಹಲ್ಲು ಎತ್ತಿಟ್ಟಿದ್ರೆ ಅದನ್ನೇ ಕೂರಿಸಬಹುದಿತ್ತು ನೋಡಿ. ನಿಮ್ಮದೇ ಹಲ್ಲು, ನಿಮ್ಮದೇ ಬಣ್ಣ."

"ಸಿಗಲಿಲ್ಲ," ಎಂದ. "ಬಚ್ಚಲಲ್ಲಿ ಬಿದ್ದೆನಲ್ಲ, ನೀರಿನ ಜೊತೆ ಹೋಯ್ತು."

ಹೋದದ್ದು ಗಂಜಿಯ ಜೊತೆ. ಕುರ್ಚಿ ಹಿಂದಕ್ಕೆ ಬಾಗಿತು, ತಲೆಗಿಂತ ಕಾಲು ಮೇಲಾಯಿತು, ದೀಪ ಬಾಯೊಳಗೆ ಇಣುಕಿತು, ಮತ್ತು ಅವನು ಹಲ್ಲು ಬಿದ್ದ ಆ ಸಂಜೆಯೊಳಕ್ಕೆ ಬೆನ್ನಡಿಯಾಗಿ ಇಳಿದ. ಹೆಂಡತಿ ಅಣ್ಣನ ಮನೆಗೆ ಹೋಗಿದ್ದಳು. "ಹೊಟ್ಟೆಗೆ ಬಿದ್ದರೆ ನಿದ್ದೆ ಮಾಡ್ತಾರೆ, ಇಲ್ಲದಿದ್ರೆ ರಾತ್ರಿಯಿಡೀ ಗೋಳು," ಎಂದು ಹೇಳಿ ಅಮ್ಮನ ಗಂಜಿಯ ಬಟ್ಟಲು ಮುಚ್ಚಿಟ್ಟು ಹೋಗಿದ್ದಳು. ಅಮ್ಮ ಬಾಯಿ ತೆರೆಯಲಿಲ್ಲ. ಪುಸಲಾಯಿಸಿದ, ಹಾಡಿದ, ಒಂದು ಚಮಚ ತಾನೇ ತಿಂದು ಆಹಾ ಎಂದ. ಅವಳು ಹಲ್ಲಿಲ್ಲದ ಒಸಡುಗಳನ್ನು ಬಿಗಿದುಕೊಂಡು, ಅವನ ಹಿಂದಿದ್ದ ಯಾರನ್ನೋ ನೋಡುತ್ತಾ ಕೂತಿದ್ದಳು. ಹೊತ್ತು ಹೋದಂತೆ ಗಂಜಿ ಕೆನೆಗಟ್ಟಿತು. ದಿನವಿಡೀ ನಿಂತು ಬಟ್ಟೆ ಕತ್ತರಿಸಿದ ಕಾಲು ಸಿಡಿಯುತ್ತಿತ್ತು. ಆಗ ಅವನ ಕೈ, ಹೌದು ಅವನದೇ ಕೈ, ಹೋಗಿ ಅವಳ ದವಡೆ ಹಿಡಿಯಿತು. ಹೆಬ್ಬೆರಳು ಒಂದು ಕೆನ್ನೆಗೆ, ಉಳಿದ ಬೆರಳು ಇನ್ನೊಂದು ಕೆನ್ನೆಗೆ. ಕರುವಿಗೆ ಔಷಧ ಕುಡಿಸುವವರು ಹಿಡಿಯುವ ಹಾಗೆ ಹಿಡಿದು, ಒತ್ತಿ, ತೆರೆದ ಚೂರು ಜಾಗಕ್ಕೆ ಚಮಚ ತುರುಕಿದ. "ನುಂಗು," ಎಂದ. ಅಮ್ಮ ಎನ್ನಲಿಲ್ಲ. ಬೆರಳ ಕೆಳಗೆ ಅವಳ ಕೆನ್ನೆ ಹಳೆಯ ಮಸ್ಲಿನ್ನಿನಷ್ಟು ತೆಳ್ಳಗಿತ್ತು, ಅದರ ಹಿಂದೆ ಮೂಳೆ ಸಿಕ್ಕಿತು. ಅವಳು ಕಿರುಚಲಿಲ್ಲ. ಪಕ್ಕದಲ್ಲಿದ್ದ ಸ್ಟೀಲಿನ ನೀರಿನ ಚೊಂಬು ಎತ್ತಿ, ಎಲ್ಲಿಂದ ಬಂತೋ ಆ ಶಕ್ತಿ, ಅವನ ಬಾಯಿಗೇ ಬೀಸಿದಳು. ಚಿಕ್ಕಂದಿನಿಂದ ದಾರ ಕಚ್ಚಿ ಕಚ್ಚಿ ಸವೆದು ಅಲ್ಲಾಡುತ್ತಿದ್ದ ಹಲ್ಲು ಬುಡಸಮೇತ ಬಟ್ಟಲಿಗೆ ಬಿತ್ತು. ಗಂಜಿ ಕೆಂಪಾಯಿತು. ಅವನು ಬಾಯಿ ಹಿಡಿದುಕೊಂಡು ಅವಳನ್ನು ನೋಡಿದ. ಅವಳೂ ನೋಡಿದಳು, ಅವನ ಹಿಂದೆ ಯಾರನ್ನೂ ಅಲ್ಲ, ಅವನನ್ನೇ. ಅವನ ಮುಖದ ಮೇಲಿದ್ದ ಎಷ್ಟೋ ವರ್ಷದ ಧೂಳನ್ನು ಯಾರೋ ಒರೆಸಿದ ಹಾಗೆ ಆಯಿತು. "ಅಯ್ಯೋ ಬೊಚ್ಚ," ಎಂದಳು. "ಹಲ್ಲು ಬಿತ್ತಾ? ಬಾ ಇಲ್ಲಿ, ಯಾರು ಹೊಡೆದ್ರೋ ನಿಂಗೆ?"

"ಬಾಯಿ ಇನ್ನೂ ಸ್ವಲ್ಪ ತೆಗೀರಿ," ಎಂದಳು ಡಾಕ್ಟರ್. ಅಕ್ಕಪಕ್ಕದ ಹಲ್ಲುಗಳ ಬೆನ್ನನ್ನು ಉಜ್ಜಿ ತೊಳೆದಳು, ಕೆನ್ನೆಯ ಒಳಗೆ ಹತ್ತಿಯ ಸುರುಳಿ ಇಟ್ಟಳು, ತುಟಿಯ ಮೂಲೆಗೆ ಎಂಜಲು ಹೀರುವ ಕೊಳವೆ ಸಿಕ್ಕಿಸಿದಳು. ಕೊಳವೆ ದೂರದ ನಲ್ಲಿಯೊಂದು ಗಾಳಿ ಬಿಡುವಂತೆ ಸದ್ದು ಮಾಡತೊಡಗಿತು. ಆ ಸದ್ದಿನ ಮೇಲೆ ಅವನು ತೇಲಿದ. ಬೊಚ್ಚ. ಏಳು ವರ್ಷದವನಿದ್ದಾಗ ಇಟ್ಟ ಹೆಸರು. ಬೊಚ್ಚುಬಾಯಿ ತುಂಬಿದ ಮೇಲೂ ಅಮ್ಮ ಕೆಲವು ದಿನ ಹಾಗೇ ಕರೆದು ಆಮೇಲೆ ಮರೆತಿದ್ದಳು. ಅಮ್ಮ ಆಗ ಮನೆಯಲ್ಲೇ ಮಿಷನ್ ಇಟ್ಟುಕೊಂಡು ಹೊಲಿಯುತ್ತಿದ್ದಳು. ಅಲ್ಲಾಡುವ ಹಾಲುಹಲ್ಲಿಗೆ ದಾರದ ಕುಣಿಕೆ ಹಾಕಿ, "ಆ ಕಾಗೆ ನೋಡೋ" ಎಂದು, ಅವನು ಕಾಗೆ ನೋಡುವಷ್ಟರಲ್ಲಿ ಎಳೆದುಬಿಟ್ಟಿದ್ದಳು. ಕಾಗೆ ಇರಲೇ ಇಲ್ಲ. ಆ ಮೋಸಕ್ಕೆ ಅವನು ಅತ್ತದ್ದೇ ಹೊರತು ನೋವಿಗಲ್ಲ. ಈ ಸಲ ಒಸಡು ಮಾಯುವವರೆಗೆ ಕಾಯಬೇಕೆಂದು ಡಾಕ್ಟರ್ ಹೇಳಿದ್ದ ಆ ವಾರಗಳಲ್ಲಿ ಅಮ್ಮ ಅವನಿಗಾಗಿ ಕಾದಿರುತ್ತಿದ್ದಳು. ಬಾಗಿಲಲ್ಲಿ ಚಪ್ಪಲಿಯ ಸದ್ದಾದರೆ ತಲೆಯೆತ್ತುತ್ತಿದ್ದಳು. ಅವನು ಹತ್ತಿರ ಹೋಗಿ ಹಲ್ಲು ಕಿರಿದರೆ ಸಾಕು, ಮುಖ ಅರಳುತ್ತಿತ್ತು. "ನಾಲಿಗೆ ಹಾಕ್ಬೇಡ್ವೋ, ಸೊಟ್ಟ ಬರುತ್ತೆ," ಎಂದು ಗದರಿಸುತ್ತಿದ್ದಳು. ಬೊಚ್ಚ ಒಂದು ಚಮಚ ತಿಂದರೆ ತಾನೂ ಒಂದು ಚಮಚ. ಹಾಗೆ ಬಟ್ಟಲು ಖಾಲಿಯಾಗುತ್ತಿತ್ತು. ದಿನವೂ ಒಮ್ಮೆ ಕೇಳುತ್ತಿದ್ದಳು, ಯಾರು ಹೊಡೆದ್ರು ಹೇಳು, ನಾನು ಹೋಗಿ ಕೇಳ್ತೀನಿ. "ಯಾರೂ ಇಲ್ಲಮ್ಮ, ಬಿದ್ದೆ," ಎನ್ನುತ್ತಿದ್ದ. ಹಾಗೆನ್ನುವಾಗ ಅವಳ ಕೆನ್ನೆಯ ಮೇಲೆ ತನ್ನ ಹೆಬ್ಬೆರಳಿನಷ್ಟಗಲದ ನೀಲಿ ಕಲೆ ಹಳದಿಯಾಗಿ, ಹಳದಿ ಮಾಸಿ, ಚರ್ಮದ ಬಣ್ಣಕ್ಕೆ ಸೇರುವುದನ್ನು ಅವನು ನೋಡುತ್ತಿದ್ದ. ಹೆಂಡತಿ ಆ ಕಲೆಯನ್ನು ನೋಡಿ ಮಂಚದ ಕಂಬಿ ತಾಗಿರಬೇಕು ಎಂದಿದ್ದಳು. ಒಸಡು ಮಾತ್ರ ಬೇಗ ಮಾಯಿತು. ಮಾಯ್ದ ಮೇಲೂ "ಇನ್ನೂ ಮುಟ್ಟಿದ್ರೆ ನೋವು" ಎಂದು ದಿನ ತಳ್ಳಿದ. ಕೊನೆಗೊಂದು ದಿನ ಹೆಂಡತಿ ಟಾರ್ಚು ತಂದು, "ಬಾಯಿ ತೆಗೀರಿ ನೋಡೋಣ," ಎಂದಳು. ಒಳಗೆ ಇಣುಕಿ, "ಇದು ಮಾಯ್ದು ಯಾವ ಕಾಲ ಆಯ್ತೋ! ಏನು, ಬೊಚ್ಚುಬಾಯಲ್ಲೇ ಇರೋ ಆಸೇನಾ ನಿಮಗೆ?" ಎಂದು ಹಣೆ ಚಚ್ಚಿಕೊಂಡಳು. ಹೌದು ಎನ್ನಲು ಹೇಗೆ ಸಾಧ್ಯ? ಹೌದು ಎಂದರೆ ಯಾಕೆಂದು ಹೇಳಬೇಕು. ಯಾಕೆಂದು ಹೇಳಹೊರಟರೆ ಚೊಂಬಿನವರೆಗೆ ಹೋಗಬೇಕು. ಚೊಂಬಿನವರೆಗೆ ಹೋದಮೇಲೆ ಅದರ ಹಿಂದಿನ ಕ್ಷಣಕ್ಕೆ ಹೋಗದೆ ನಿಲ್ಲಲಾಗುವುದಿಲ್ಲ.

ಡಾಕ್ಟರ್ ನೀಲಿ ಬಣ್ಣದ ಅಂಟಂಟು ದ್ರವ ಹಚ್ಚಿ, ತೊಳೆದು, ಒಣಗಿಸಿದಳು. ನಾಲಿಗೆಗೆ ಹುಳಿ ತಾಗಿತು. ಚಿಮಟದಲ್ಲಿ ಆ ಪಟ್ಟಿಯನ್ನು ಎತ್ತಿದಾಗ ಅವನು ಕಣ್ಣು ಕಿರಿದಾಗಿಸಿ ನೋಡಿದ. ಲೇಸಿನ ಅಂಚಿನಷ್ಟು ಸಣ್ಣ, ಬೆಳಕು ಹಾಯುವ ನೇಯ್ಗೆ. ಇಷ್ಟೇ ಇಷ್ಟು ನೂಲು ಒಬ್ಬ ಮನುಷ್ಯನನ್ನು ಮತ್ತೆ ಐವತ್ತು ದಾಟಿಸುತ್ತದೆಯಲ್ಲ ಎಂದುಕೊಂಡ. ಅವಳು ಅದನ್ನು ಎರಡೂ ಹಲ್ಲಿನ ಹಿಂದೆ ಅದುಮಿ ಕೂರಿಸಿ, ಕಿತ್ತಳೆ ಬಣ್ಣದ ಗಾಜೊಂದನ್ನು ಅಡ್ಡ ಹಿಡಿದು, ನೀಲಿ ದೀಪ ಹಾಕಿದಳು. ಬಾಯೊಳಗೆ ಸಂಜೆಯಾಯಿತು. ಆ ಸಂಜೆಯಲ್ಲಿ ಒಂದು ಬೀದಿಯಿತ್ತು, ಬೀದಿಯ ಕೊನೆಯಲ್ಲಿ ಮಿಷನ್ನಿನ ಸದ್ದಿತ್ತು, ಚೀಲ ಹೆಗಲಿಗೆ ಹಾಕಿಕೊಂಡ ಬೊಚ್ಚನೊಬ್ಬ ಓಡುತ್ತಿದ್ದ, ಓಡಿದಷ್ಟೂ ಮನೆ ಅಷ್ಟೇ ದೂರ ಇತ್ತು. ನಿಲ್ಲಿಸಿ ಎನ್ನಬೇಕೆನಿಸಿತು. ಇನ್ನೂ ಹಲ್ಲು ಕಟ್ಟಿಲ್ಲ, ಬರೀ ಪಟ್ಟಿ ಅಂಟಿದೆ, ಈಗಲೂ ಎದ್ದು ಹೋಗಬಹುದು. ಎದ್ದು ಹೋಗಿ ಏನು ಹೇಳುವುದು? ಗಿರಾಕಿಗಳ ಕೆನ್ನೆಗೆ ಎಂಜಲು ಹಾರಿಸುತ್ತಾ, ಕಿಟಕಿಯಿಲ್ಲದ ಕೋಣೆಯಲ್ಲಿ ಕಾಜ ಹಾಕುತ್ತಾ, ಅಮ್ಮ ಇರುವಷ್ಟು ದಿನ ಹೀಗೇ ಇರುತ್ತೇನೆ ಎಂದೇ? ಅವಳ ದವಡೆ ಹಿಡಿದದ್ದಕ್ಕೆ ಶಿಕ್ಷೆಯ ಬದಲು ಬಹುಮಾನ ಸಿಕ್ಕಿದೆ, ಅದನ್ನು ಬಿಡಲಾರೆ ಎಂದೇ? ಈ ಯೋಚನೆ ಬಂದದ್ದೇ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಯಾರಿಗಾದರೂ ಹೇಳಿಬಿಡಬೇಕು ಎನಿಸಿತು, ಹೇಳಿಯೂಬಿಟ್ಟ. ನಾನು ಬಿದ್ದದ್ದಲ್ಲ, ಅಮ್ಮ ಹೊಡೆದಳು, ನಾನೇ ಮೊದಲು ಅವಳ ದವಡೆ ಹಿಡಿದೆ, ಎಂದ. ಹತ್ತಿ, ಕೊಳವೆ, ಡಾಕ್ಟರಮ್ಮನ ಎರಡು ಬೆರಳು, ಇವುಗಳ ನಡುವೆ ನುಸುಳಿ ಅದು "ಆಆ ಇಅ ಆಅ ಅಅ" ಎಂದು ಹೊರಬಂತು.

"ಏನು, ಉರೀತಿದ್ಯಾ?" ಅವಳು ದೀಪ ಆರಿಸಿದಳು. "ಆಯ್ತು ಆಯ್ತು. ಇನ್ನೇನು ಮುಗೀತು."

ಅವನ ಕಣ್ಣಿನ ಮೂಲೆಯಿಂದ ನೀರು ಕಿವಿಯ ಕಡೆಗೆ ಇಳಿಯಿತು. ಅವಳು ಒಂದು ಟಿಶ್ಯೂ ತೆಗೆದು ಅದನ್ನು ಒತ್ತಿ, ಮತ್ತೆ ಕೆಲಸಕ್ಕೆ ಕೈಹಾಕಿದಳು. ಒಂದು ಪದರ, ದೀಪ. ಇನ್ನೊಂದು ಪದರ, ದೀಪ. ನಾಲಿಗೆ ಅಭ್ಯಾಸಬಲದಿಂದ ಸಂದಿಯ ಕಡೆಗೆ ಹೊರಟಾಗಲೆಲ್ಲ ಅವಳ ಕನ್ನಡಿಕಡ್ಡಿ ಅದನ್ನು ಮೆಲ್ಲಗೆ ಹಿಂದಕ್ಕೆ ತಳ್ಳುತ್ತಿತ್ತು. ಕೊನೆಗೆ ಹಲ್ಲುಗಳ ನಡುವೆ ಬಣ್ಣದ ಕಾಗದ ಇಟ್ಟು, "ಟಕ್ ಟಕ್ ಅಂತ ಕಚ್ಚಿ," ಎಂದಳು. ಬಣ್ಣ ಹತ್ತಿದಲ್ಲಿ ಉಜ್ಜಿದಳು. ನುಣುಪು ಮಾಡಿದಳು. ಕನ್ನಡಿ ಕೈಗೆ ಕೊಟ್ಟಳು. ಅದರಲ್ಲಿ ಹಲ್ಲಿರುವ ಒಬ್ಬ ಗಂಡಸು ಇದ್ದ, ಎಲ್ಲೋ ನೋಡಿದ ಹಾಗಿತ್ತು.

"ಇದರಲ್ಲಿ ದಾರ ಕಚ್ಚೋ ಹಾಗಿಲ್ಲ ಮಾಸ್ಟ್ರೇ. ಕತ್ತರಿ ಇರೋದು ಯಾತಕ್ಕೆ?"

"ಸರಿ," ಎಂದ. ಸಿಳ್ಳೆಯಿಲ್ಲದೆ ಬಂದ ಆ ಸರಿ ಅವನಿಗೇ ಅಪರಿಚಿತವಾಗಿತ್ತು.

ಅಂಗಡಿಗೆ ಹೋದ. ಹೆಂಡತಿಯ ಅಣ್ಣ ದೂರದಿಂದಲೇ, "ಎಲ್ಲಿ ಭಾವ, ಒಂದು ಸಲ ನಗಿ," ಎಂದ. ಅವನು ನಕ್ಕ. ಇಡೀ ಅಂಗಡಿ ಚಪ್ಪಾಳೆ ತಟ್ಟುವುದೊಂದೇ ಬಾಕಿ. ಆ ಕ್ಷಣವೇ ಅಳತೆಯ ಮೇಜು ಅವನದಾಯಿತು. ಮೊದಲು ಬಂದ ಗಿರಾಕಿಯ ಕುತ್ತಿಗೆಗೆ ಟೇಪು ಸುತ್ತುವಾಗ ಗಿರಾಕಿ ಅವನ ಬಾಯನ್ನು ನೋಡಲೇ ಇಲ್ಲ, ಗಡಿಯಾರ ನೋಡಿದ. ಇದಕ್ಕಾಗಿಯೇ ಅಷ್ಟೆಲ್ಲ ಮಾಡಿದ್ದು, ಯಾರೂ ನೋಡದಿರಲಿ ಎಂದು. ಮಧ್ಯಾಹ್ನವೆಲ್ಲ ಅವನು ನೀರೊಳಗೆ ನಡೆಯುವವನ ಹಾಗೆ ಓಡಾಡಿದ. ಸೀಮೆಸುಣ್ಣದ ಗೆರೆಗಳು ಸರಿಯಾಗಿಯೇ ಬಿದ್ದವು, ಕತ್ತರಿ ಸರಿಯಾಗಿಯೇ ಓಡಿತು, ತೋಳು ಯಾವುದು ಬೆನ್ನು ಯಾವುದು ಎಂಬುದು ಕೈಗೆ ಗೊತ್ತಿತ್ತು. ಅವನು ಮಾತ್ರ ಅಲ್ಲಿರಲಿಲ್ಲ. ಸಂಜೆ ಬೇಕೆಂದೇ ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಹತ್ತಿದ. ಮನೆಯ ಬೀದಿಯ ತಿರುವಿನಲ್ಲಿ ಒಂದು ಔಷಧದಂಗಡಿಯ ಗಾಜಿನಲ್ಲಿ ಮುಖ ನೋಡಿಕೊಂಡು, ಮೇಲಿನ ತುಟಿಯನ್ನು ಕೆಳಗೆಳೆದು, ಹಲ್ಲು ಕಾಣದ ಹಾಗೆ ನಗುವುದನ್ನು ಅಭ್ಯಾಸ ಮಾಡಿದ. ಒಳಗಿದ್ದವನು ಏನು ಬೇಕು ಸಾರ್ ಎಂದ. ಏನೂ ಬೇಡ ಎಂದು ಮುಂದೆ ನಡೆದ.

ಚಪ್ಪಲಿಯ ಸದ್ದಿಗೆ ಅಮ್ಮ ತಲೆಯೆತ್ತಿದಳು. "ಬೊಚ್ಚ?"

ಅವನು ಬಾಯಿ ಮುಚ್ಚಿಕೊಂಡೇ ಹೋಗಿ ಮಂಚದ ಬಳಿ ಮಂಡಿಯೂರಿ ಕೂತ. ಹೆಂಡತಿ ಗಂಜಿಯ ಬಟ್ಟಲು ಹಿಡಿದು ಬಂದವಳು, "ತೋರಿಸ್ರೀ, ಹೇಗಾಗಿದೆ?" ಎಂದಳು. ಅವನು ಈಗ ಬೇಡವೆಂದು ತಲೆಯಾಡಿಸಿದ. ಅಮ್ಮ ಅವನ ಮುಖವನ್ನು ಹುಡುಕುತ್ತಿದ್ದಳು, ಹಣೆ, ಮೂಗು, ಮೀಸೆ, ಎಲ್ಲೂ ಸಿಗದೆ ಬೆರಳಿನಿಂದ ಅವನ ತುಟಿ ಎತ್ತಿದಳು. ಅಲ್ಲೂ ಸಿಗಲಿಲ್ಲ. ಬೆರಳು ಹೊಸ ಹಲ್ಲಿನ ಮೇಲೆ ನಿಂತಿತು. ಹಿಡಿದು ಅಲ್ಲಾಡಿಸಿ ನೋಡಿದಳು. ಬಿಟ್ಟುಕೊಳ್ಳುತ್ತದೇನೋ ಎಂದು ಅವನು ಹೆದರಿದ, ಬಿಟ್ಟುಕೊಳ್ಳಲಿ ಎಂದೂ ಆಸೆಪಟ್ಟ. ಹಲ್ಲು ಕದಲಲಿಲ್ಲ.

"ಬಂದ್ಬಿಟ್ಟಿದೆ," ಎಂದಳು.

"ಹೂಂ ಅಮ್ಮ. ಬಂತು."

"ಗಟ್ಟಿ ಇದೆ." ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಅವನನ್ನು ಬಹಳ ಹೊತ್ತು ನೋಡಿದಳು. ಆ ನೋಟದಲ್ಲಿ ಬೊಚ್ಚ ಮೆಲ್ಲಗೆ ಎದ್ದು ಹೊರಗೆ ಹೋಗುವುದು ಅವನಿಗೆ ಕಂಡಿತು. ಕರೆದರೆ ತಿರುಗಿ ನೋಡುವವನಲ್ಲ. ಅವಳಿಗೆ ಬೇಸರವಾದಂತೆ ಕಾಣಲಿಲ್ಲ. ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡಳು. ಗೋಡೆ ನೋಡುವ ಕಣ್ಣು ಈಗ ಬರುತ್ತದೆ ಎಂದು ಅವನು ಕಾದ. ಬರಲಿಲ್ಲ. ಅದರ ಬದಲು ಅವಳು ಸೊಸೆಯ ಕಡೆ ಒಮ್ಮೆ ಓರೆಗಣ್ಣಿನಿಂದ ನೋಡಿ, ಅವನ ಹತ್ತಿರ ಬಾಗಿದಳು. ಅವನು ಎಂದೂ ಕೇಳಿರದ ಸಣ್ಣ ದನಿಯಲ್ಲಿ, ಗುಟ್ಟು ಹೇಳುವವಳ ಹಾಗೆ ಕೇಳಿದಳು.

"ಅಣ್ಣಾ, ನಂದೂ ಬಿದ್ದೋಗಿದೆ. ಎಲ್ಲಾನೂ. ನೋಡ್ತೀಯಾ?"

ಬಾಯಿ ತೆರೆದಳು. ಯಾರೂ ಹಿಡಿಯದೆ, ಯಾರೂ ಒತ್ತದೆ, ಅಗಲವಾಗಿ ತೆರೆದಳು. ಅವನು ಬಲವಂತವಾಗಿ ಬಿಡಿಸಿದ್ದ ಬಾಯಿ ಅದೇ. ಒಳಗೆ ಗುಲಾಬಿ ಬಣ್ಣದ ಒಸಡು, ಒದ್ದೆ ನಾಲಿಗೆ, ಅದರಾಚೆ ಕತ್ತಲೆ. ತಪ್ಪಾಯ್ತಮ್ಮ ಎನ್ನಬೇಕೆಂದಿದ್ದ; ಹೇಳಿಸಿಕೊಳ್ಳಬೇಕಾದ ಅಮ್ಮ ಅಲ್ಲಿರಲಿಲ್ಲ. ಏಳು ವರ್ಷದ ಹುಡುಗಿಯೊಬ್ಬಳು ಬಾಯಿ ತೆರೆದುಕೊಂಡು ಕೂತಿದ್ದಳು. ಹೆಂಡತಿ ಬಟ್ಟಲನ್ನು ಅವನ ಕೈಗೆ ಕೊಟ್ಟು ಪಕ್ಕದಲ್ಲೇ ನಿಂತಳು. ತೆರೆದ ಬಾಯಿಗೆ ಒಂದು ಚಮಚ ಇಟ್ಟ. ಅವಳು ನುಂಗಿದಳು.

"ನಂಗೆ ಯಾವಾಗ ಬರುತ್ತೆ?"

"ಬರುತ್ತೆ," ಎಂದ.

"ನಿಜವಾಗ್ಲೂ?"

"ನಿಜವಾಗ್ಲೂ."

ಅವಳು ನಂಬಿದಳು. ನಂಬಿ ಮತ್ತೆ ಬಾಯಿ ತೆರೆದಳು.